ಧರ್ಮದ ಕಾಲಂನಲ್ಲಿ ನಾನು ಬರೆದದ್ದು

"ಜರ್ಮನಿಗೆ ಬಂದ ಮೇಲೆ ನಿಮ್ಮಲ್ಲಿ ಬದಲಾದ ಒಂದು ವಿಷಯದ ಬಗ್ಗೆ ಬರೆದು ಕೊಡಿ" ಅಂತ ನಮ್ಮ ಸಂಘದವರು ಕೇಳಿದಾಗ ಮೊದಲು ತಲೆಗೆ ಬಂದದ್ದು ಖಾಲಿ ಬಾಟಲಿಗಳನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ ವಾಪಸ್ ಕೊಡುವ ಅಭ್ಯಾಸ. ಅದರ ಬಗ್ಗೆ ಬರೆದಿದ್ದರೆ ಎರಡು ಪುಟದಲ್ಲಿ ನಗಿಸಿ ಮುಗಿಸಬಹುದಿತ್ತು. ಆದರೆ ನಿಜವಾಗಿ ಬದಲಾದದ್ದು ಬೇರೆಯದೇ. ಅದನ್ನು ಹೇಳಬೇಕಾದರೆ ನಾನು ಮಾಡಿದ ಒಂದು ಸಣ್ಣ ಕೆಲಸವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ಹುಬ್ಬಳ್ಳಿಯವನು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ 2023ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಮಾಡಲು ಸ್ಟುಟ್‌ಗಾರ್ಟ್‌ಗೆ ಬಂದೆ. ನಮ್ಮದು ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದ ಕುಟುಂಬ. ಅದಕ್ಕೂ ಹಿಂದೆ ಬಾಸೆಲ್ ಮಿಷನ್ ಸಭೆ. ಇಲ್ಲಿನ ಬಹಳಷ್ಟು ಗೆಳೆಯರಿಗೆ ನಾನು ಕ್ರೈಸ್ತ ಅನ್ನೋದೇ ಗೊತ್ತಿಲ್ಲ. ಮುಚ್ಚಿಟ್ಟಿದ್ದೆ ಅಂತಲ್ಲ, ಯಾರೂ ಕೇಳಿರಲಿಲ್ಲ. ಗಣೇಶ ಚತುರ್ಥಿಗೆ ಪುಳಿಯೋಗರೆ ಬಡಿಸಿದ್ದೀನಿ, ರಾಜ್ಯೋತ್ಸವಕ್ಕೆ ಬಾವುಟ ಕಟ್ಟಿದ್ದೀನಿ, ಕ್ರಿಸ್‌ಮಸ್‌ಗೆ ಎಲ್ಲರ ಜೊತೆ ಕ್ರಿಸ್‌ಮಸ್ ಮಾರ್ಕೆಟ್ಟಿಗೆ ಹೋಗಿದ್ದೀನಿ. ಅಷ್ಟೇ.

ಬಂದ ಮೊದಲ ವಾರ ನಾವೆಲ್ಲರೂ ಮಾಡುವ ಕೆಲಸ ವಿಳಾಸ ನೋಂದಣಿ. ಆ ಫಾರಂನಲ್ಲಿ ಧರ್ಮ ಅಂತ ಒಂದು ಕಾಲಂ ಇರುತ್ತೆ. ನಿಮ್ಮಲ್ಲಿ ಬಹಳ ಜನ ಅದನ್ನು ಕಣ್ಣೆತ್ತಿಯೂ ನೋಡಿರಲಿಕ್ಕಿಲ್ಲ. ನನ್ನ ಹಿಂದೆ ನಿಂತಿದ್ದ ಸೀನಿಯರ್ ಒಬ್ಬರು, "ಅಲ್ಲಿ ಕ್ರಿಶ್ಚಿಯನ್ ಅಂತ ಗಿಶ್ಚಿಯನ್ ಅಂತ ಬರೆದುಬಿಟ್ಟೀಯ, ಚರ್ಚ್ ತೆರಿಗೆ ಅಂತ ಕಟ್ ಮಾಡ್ತಾರೆ. ಏನೂ ಇಲ್ಲ ಅಂತ ಹಾಕು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನ್ನ ಹತ್ತಿರ ಆಗ ಬ್ಲಾಕ್ಡ್ ಅಕೌಂಟಿನ ದುಡ್ಡು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಎರಡು ಸೆಕೆಂಡ್ ಪೆನ್ನು ನಿಂತಿತು. ಆಮೇಲೆ "ಯಾವುದೂ ಇಲ್ಲ" ಅಂತ ಬರೆದೆ. ಸೀಲು ಬಿತ್ತು. ಹೊರಗೆ ಬಂದು ಡೋನರ್ ತಿಂದೆವು.

ಅದು ನನ್ನನ್ನು ಕಾಡಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಆರು ತಿಂಗಳು ನೆನಪಿಗೂ ಬರಲಿಲ್ಲ.

2024ರ ಮಾರ್ಚ್ ಕೊನೆಯ ವಾರ. ಮರುದಿನದಿಂದ ಈಸ್ಟರ್ ರಜೆ, ಶುಕ್ರವಾರ ಅಂಗಡಿಗಳೆಲ್ಲ ಬಂದ್. ನನ್ನ ರೂಮ್‌ಮೇಟ್ ಮೈಸೂರಿನವನು, ಅಡುಗೆಯಲ್ಲಿ ನನಗಿಂತ ನೂರು ಪಾಲು ಮೇಲು. ಇಬ್ಬರೂ ಮೊಸರು, ಹಾಲು, ಈರುಳ್ಳಿ ಹೊತ್ತುಕೊಂಡು ಬರ್ತಾ ಇದ್ದೆವು. ಅವನು ಇದ್ದಕ್ಕಿದ್ದಂತೆ, "ಲೋ, ನಾಳೆ ಯೇಸು ಸತ್ತ ದಿನ ಅಲ್ವಾ? ಅದಕ್ಕೆ ಯಾಕೋ ಗುಡ್ ಫ್ರೈಡೇ ಅಂತೀರ? ಸತ್ತಿದ್ದು ಹೆಂಗೆ ಒಳ್ಳೇದಾಗುತ್ತೆ?" ಅಂದ.

"ಅಂದ್ರೆ... ನಮ್ಮ ಪಾಪಕ್ಕೋಸ್ಕರ ಸತ್ತರು."

"ಸರಿ. ನೀನು ಮಾಡಿದ ತಪ್ಪಿಗೆ ಎರಡು ಸಾವಿರ ವರ್ಷದ ಹಿಂದೆ ಬೇರೆ ಯಾರೋ ಯಾಕೆ ಸಾಯ್ಬೇಕು? ಅದ್ರಿಂದ ನಿನಗೇನಾಯ್ತು?"

ನಾನು ಸುಮ್ಮನಾದೆ. ಸಂಡೇ ಸ್ಕೂಲಿನಲ್ಲಿ ಹತ್ತು ವರ್ಷ ಬಹುಮಾನ ತಗೊಂಡವನು. ವಿಶ್ವಾಸ ಪ್ರಮಾಣ, ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ದೃಢೀಕರಣಕ್ಕೆ ಮುಂಚೆ ಕಲಿತ ಪ್ರಶ್ನೋತ್ತರ, ಎಲ್ಲ ಬಾಯಿಪಾಠ. ಆದರೆ ಮೆಟ್ಟಿಲು ಹತ್ತುತ್ತಾ ಒಬ್ಬ ಗೆಳೆಯ ನಿಜವಾಗಿಯೂ ತಿಳಿಯಬೇಕು ಅಂತ ಕೇಳಿದಾಗ ಕೊಡೋಕೆ ಒಂದು ವಾಕ್ಯ ಇರಲಿಲ್ಲ. ಅವತ್ತು ರಾತ್ರಿ ಫಾರಂ ನೆನಪಾಯಿತು. ಯಾವುದೂ ಇಲ್ಲ ಅಂತ ಬರೆದದ್ದು ಸುಳ್ಳೋ, ನಿಜವೋ? ಏನು ನಂಬ್ತೀನಿ ಅಂತಲೇ ಗೊತ್ತಿಲ್ಲದವನು ಇನ್ನೇನು ಬರೀಬೇಕಿತ್ತು?

ಮರುದಿನ ಬೆಳಿಗ್ಗೆ ಮನೆ ಹತ್ತಿರದ ಎವಾಂಗೆಲಿಶ್ ಚರ್ಚಿಗೆ ಒಬ್ಬನೇ ಹೋದೆ. ಜರ್ಮನ್ನರು ಈ ದಿನವನ್ನು 'ಒಳ್ಳೆಯ' ಶುಕ್ರವಾರ ಅನ್ನೋದಿಲ್ಲ, ಕಾರ್‌ಫ್ರೈಟಾಗ್ ಅಂತಾರೆ. 'ಕಾರ್' ಅಂದರೆ ಹಳೆಯ ಜರ್ಮನ್‌ನಲ್ಲಿ ಗೋಳು, ಶೋಕ. ನನ್ನ ಗೆಳೆಯನ ಪ್ರಶ್ನೆಗೆ ಇವರ ಭಾಷೆಯಲ್ಲಿ ಜಾಗವೇ ಇಲ್ಲ ಅಂದುಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ಮೂವತ್ತು ಜನ ಇದ್ದಿರಬಹುದು, ಹೆಚ್ಚಿನವರು ನಮ್ಮ ಅಜ್ಜಿ ವಯಸ್ಸಿನವರು. ಜರ್ಮನ್ ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ. ಆದರೆ ಆರ್ಗನ್ ಶುರುವಾದಾಗ ಮೈ ಜುಮ್ಮೆಂದಿತು. ಆ ರಾಗ ನನಗೆ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ಹಾರ್ಮೋನಿಯಂ ಮೇಲೆ, ಸ್ವಲ್ಪ ನಿಧಾನವಾಗಿ, ಕನ್ನಡದ ಮಾತುಗಳಲ್ಲಿ ಹಾಡುವ ರಾಗ. ಅದು ನಮ್ಮೂರಿನದು ಅಂತಲೇ ಇಷ್ಟು ವರ್ಷ ತಿಳಿದಿದ್ದೆ.

ಆಶ್ಚರ್ಯ ಪಡಬೇಕಾದದ್ದೇನೂ ಇರಲಿಲ್ಲ. ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಆದರೆ ಅದಕ್ಕೆ ಜನ ಬಹುಪಾಲು ಹೋಗಿದ್ದು ನಾನೀಗ ಇರುವ ಈ ವುರ್ಟೆಂಬರ್ಗ್ ಸೀಮೆಯಿಂದ. ಮಂಗಳೂರಿಗೆ ಮೊದಲ ಮೂವರು 1834ರಲ್ಲಿ ಬಂದಿಳಿದರು. 1837ರಲ್ಲಿ ಧಾರವಾಡ, ಆಮೇಲೆ ನಮ್ಮ ಹುಬ್ಬಳ್ಳಿ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಈ ಸೀಮೆಯವರೇ. ಹೋದ ವರ್ಷ ನಾವೆಲ್ಲ ರೈಲಿನಲ್ಲಿ ಹೋಗಿ ಬಂದ ಟ್ಯೂಬಿಂಗನ್‌ನಲ್ಲಿ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದರು. ಅವರ 1894ರ ನಿಘಂಟಿನ ಬಗ್ಗೆ ಸಂಘದಲ್ಲಿ ಎಲ್ಲರೂ ಹೆಮ್ಮೆಯಿಂದ ಮಾತಾಡ್ತೀವಿ. ಆದರೆ ಇಷ್ಟು ದೂರದಿಂದ ಅವರನ್ನು ಎಬ್ಬಿಸಿ ಕಳಿಸಿದ ನಂಬಿಕೆ ಏನು ಅಂತ ನಾನಾಗಲೀ ನೀವಾಗಲೀ ಕೇಳಿದ್ದು ಕಡಿಮೆ. ನನಗಂತೂ ಅದನ್ನು ಕೇಳುವ ಜವಾಬ್ದಾರಿ ಇತ್ತು.

ಅಲ್ಲಿನ ಸಭಾಪಾಲಕರು ಐವತ್ತರ ಆಸುಪಾಸಿನ ಹೆಂಗಸು. ಬಾಗಿಲಲ್ಲಿ ಕೈಕುಲುಕಿ, ಎಲ್ಲಿಂದ ಬಂದದ್ದು ಅಂತ ಕೇಳಿ, ಬಾಸೆಲ್ ಮಿಷನ್ ಅಂದ ಕೂಡಲೇ ಕಾಫಿಗೆ ಕೂರಿಸಿಕೊಂಡರು. ಮುಂದಿನ ಒಂದು ವರ್ಷದಲ್ಲಿ ಅವರ ಹತ್ತಿರ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಅಲ್ಲಿ ಕೇಳಿದ್ದನ್ನು ಮನೆಗೆ ಬಂದು ರೂಮ್‌ಮೇಟ್‌ಗೆ ಹೇಳೋದು, ಅವನು ಎತ್ತಿದ ತಕರಾರನ್ನು ಮುಂದಿನ ವಾರ ಅವರ ಹತ್ತಿರ ಒಯ್ಯೋದು. ಅಡುಗೆಮನೆಗೂ ಚರ್ಚಿಗೂ ನಡುವೆ ಪೋಸ್ಟ್‌ಮ್ಯಾನ್ ಆಗಿಬಿಟ್ಟೆ.

ಮೊದಲನೇ ತಕರಾರು ತ್ರಯೇಕ ದೇವರದ್ದು. ತಂದೆ, ಮಗ, ಪವಿತ್ರಾತ್ಮ. ಮೂವರು, ಆದರೂ ಒಬ್ಬನೇ ದೇವರು. "ಬ್ರಹ್ಮ ವಿಷ್ಣು ಮಹೇಶ್ವರ ತರಾನಾ?" ಅಂದ ಗೆಳೆಯ. ನಾನು ಇಂಜಿನಿಯರ್ ಬುದ್ಧಿ ಓಡಿಸಿ, "ಇಲ್ಲ ಕಣೋ, ನೀರು, ಮಂಜುಗಡ್ಡೆ, ಆವಿ ಇದ್ದ ಹಾಗೆ. ವಸ್ತು ಒಂದೇ, ಸ್ಥಿತಿ ಮೂರು" ಅಂದೆ. ಬಹಳ ಖುಷಿಯಾಗಿತ್ತು ನನಗೆ. ಆ ಖುಷಿಯನ್ನು ಪಾದ್ರಿಯಮ್ಮನ ಮುಂದೆ ಇಟ್ಟಾಗ ಅವರು ನಕ್ಕರು. ಒಬ್ಬನೇ ದೇವರು ಒಂದೊಂದು ಹೊತ್ತಿಗೆ ಒಂದೊಂದು ವೇಷ ಹಾಕ್ತಾನೆ ಅನ್ನುವ ಈ ವಾದವನ್ನು ಸಭೆ ಮೂರನೇ ಶತಮಾನದಲ್ಲೇ ಕೇಳಿ, ಬೇಡ ಅಂತ ತಳ್ಳಿಹಾಕಿದೆಯಂತೆ. ಯಾಕಂದರೆ ಯೇಸು ತಂದೆಗೆ ಪ್ರಾರ್ಥಿಸಿದ್ದು ವೇಷದವನೊಬ್ಬ ತನ್ನ ಜೊತೆಗೇ ಆಡಿದ ಮಾತಾಗಿಬಿಡುತ್ತೆ. ಇನ್ನೊಂದು ಕಡೆ ಅಲೆಕ್ಸಾಂಡ್ರಿಯದ ಅರಿಯುಸ್, ಮಗನು ಸೃಷ್ಟಿಯಾದವನು, ಎಷ್ಟೇ ದೊಡ್ಡವನಾದರೂ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ ಅಂದ. ಅದಕ್ಕೆ ಉತ್ತರವಾಗಿ 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್ಪರು ಮಗನೂ ತಂದೆಯೂ ಒಂದೇ ಸತ್ವ ಅಂತ ಬರೆದರು. 2025ಕ್ಕೆ ಅದಕ್ಕೆ 1700 ವರ್ಷ ತುಂಬಿತು.

"ಇದೆಲ್ಲಾ ತಲೆ ಕೆಡಿಸೋ ಲೆಕ್ಕ. ಇದ್ರಿಂದ ಏನು ವ್ಯತ್ಯಾಸ ಆಗುತ್ತೆ?" ಅಂದ ಗೆಳೆಯ, ಒಗ್ಗರಣೆ ಹಾಕ್ತಾ. ನಾನೂ ಅದನ್ನೇ ಕೇಳಿದ್ದೆ. ವ್ಯತ್ಯಾಸ ಶಿಲುಬೆಯ ಹತ್ತಿರ ಬಂದಾಗ ಗೊತ್ತಾಗುತ್ತೆ. ಯೇಸು ದೇವರಲ್ಲದ ಇನ್ನೊಬ್ಬ ಆಗಿದ್ದರೆ, ದೇವರು ತಾನು ಮೇಲೆ ಕೂತು ಬೇರೆ ಯಾರನ್ನೋ ಸಾಯಲು ಕಳಿಸಿದ ಹಾಗಾಯಿತು. ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಗೆಳೆಯ ಮೆಟ್ಟಿಲ ಮೇಲೆ ಕೇಳಿದ್ದು ಅದೇ ಅನ್ಯಾಯವನ್ನು. ಸಭೆ ಹೇಳುವುದು, ಅಲ್ಲಿ ತೂಗಿದವನು ದೇವರೇ. ಬೇರೆಯವರ ಮೇಲೆ ಹೊರಿಸಲಿಲ್ಲ, ತಾನೇ ಬಂದ. 1700 ವರ್ಷದ ಹಿಂದೆ ಒಂದು ಪದಕ್ಕೋಸ್ಕರ ಅಷ್ಟು ಜಗಳ ಯಾಕಾಯಿತು ಅಂತ ಆಗ ಸ್ವಲ್ಪ ಅರ್ಥವಾಯಿತು.

"ಹಾಗಾದ್ರೆ ಅವತಾರ ಅನ್ನು" ಅಂದ. ಹತ್ತಿರದ ಮಾತು, ಪೂರ್ತಿ ಅದೇ ಅಲ್ಲ. ಸಭೆಯ ಬೋಧನೆಯಲ್ಲಿ ಇದು ಒಮ್ಮೆ ಮಾತ್ರ ಆದದ್ದು. 451ರಲ್ಲಿ ಕಾಲ್ಸಿಡನ್‌ನಲ್ಲಿ ಸೇರಿದವರು ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ, ಎರಡೂ ಸ್ವಭಾವ ಒಂದರಲ್ಲೊಂದು ಕಲಸಿಹೋಗಿಲ್ಲ, ಬೇರೆಯೂ ಆಗಿಲ್ಲ ಅಂತ ಗೆರೆ ಎಳೆದರು. ಹೇಗೆ ಅಂತ ವಿವರಿಸಲಿಲ್ಲ, ಯಾವ ಕಡೆಗೂ ಜಾರಬೇಡಿ ಅಂತ ಬೇಲಿ ಹಾಕಿದರು ಅಷ್ಟೇ. ಅವನಿಗೆ ಹಸಿವಾಗಿತ್ತು, ದಣಿವಾಗಿತ್ತು, ಗೆಳೆಯ ಸತ್ತಾಗ ಅತ್ತಿದ್ದ, ಕೊನೆಯ ರಾತ್ರಿ ಭಯದಿಂದ ಬೆವತಿದ್ದ. ನಾಟಕಕ್ಕೆ ಮನುಷ್ಯನಾದದ್ದಲ್ಲ.

ಇನ್ನು ಒಬ್ಬರ ಸಾವು ಇನ್ನೊಬ್ಬರಿಗೆ ಹೇಗೆ ಬಿಡುಗಡೆ? ಇಲ್ಲಿ ನನಗೆ ಸಿಕ್ಕ ಉತ್ತರ ನಾನು ನಿರೀಕ್ಷಿಸಿದ್ದಲ್ಲ. ಮೂರು ಕಡೆಯಿಂದ ಸಭೆ ಇದನ್ನು ನೋಡುತ್ತಾ ಬಂದಿದೆ. ನ್ಯಾಯಾಲಯದಲ್ಲಿ ನಮ್ಮ ದಂಡವನ್ನು ಇನ್ನೊಬ್ಬ ಕಟ್ಟಿದ ಹಾಗೆ. ಗುಲಾಮರನ್ನು ಬೆಲೆ ಕೊಟ್ಟು ಬಿಡಿಸಿಕೊಂಡ ಹಾಗೆ. ಸಾವಿನ ಕೋಟೆಯೊಳಗೆ ನುಗ್ಗಿ ಒಳಗಿನಿಂದ ಅದನ್ನು ಒಡೆದ ಹಾಗೆ. ಆದರೆ ಎಲ್ಲ ಸಭೆಗಳೂ ಒಪ್ಪುವ ಹಳೆಯ ವಿಶ್ವಾಸ ಪ್ರಮಾಣಗಳಲ್ಲಿ ಇವುಗಳಲ್ಲಿ ಯಾವುದನ್ನೂ 'ಇದೇ ಸರಿ' ಅಂತ ಬರೆದಿಲ್ಲ. ನಮಗೋಸ್ಕರ ಅಂತ ಹೇಳಿ ನಿಲ್ಲಿಸಿವೆ. ಇದು ಕೇಳಿ ನನಗೆ ಒಂದು ತರಹದ ಸಮಾಧಾನ. ನನಗೆ ಡಿರೈವೇಶನ್ ಬರುತ್ತಿರಲಿಲ್ಲ ಅಂತ ನಾಚಿಕೆಪಟ್ಟಿದ್ದೆ. ದೊಡ್ಡವರೂ ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ಜಗಳ ಆಡಿದ್ದು ಕೃಪೆಯ ಬಗ್ಗೆ. ಇದು ಲೂಥರ್ ಹಿಡಿದ ಎಳೆ. 1517ರಲ್ಲಿ, ಪಾಪದ ಶಿಕ್ಷೆ ಕಡಿಮೆಯಾಗುತ್ತೆ ಅಂತ ಪತ್ರಗಳನ್ನು ದುಡ್ಡಿಗೆ ಮಾರುತ್ತಿದ್ದಾಗ ಅವನು 95 ವಾದಗಳನ್ನು ಬರೆದು ಪ್ರಶ್ನೆ ಎತ್ತಿದ. 1530ರ ಔಗ್ಸ್‌ಬರ್ಗ್ ಒಪ್ಪಿಗೆ ಪತ್ರದ ನಾಲ್ಕನೇ ವಿಧಿ ಇದೇ: ಮನುಷ್ಯ ತನ್ನ ಬಲದಿಂದ, ಪುಣ್ಯದಿಂದ, ಕೆಲಸಗಳಿಂದ ದೇವರ ಮುಂದೆ ನೀತಿವಂತ ಆಗಲಾರ, ಕ್ರಿಸ್ತನ ದೆಸೆಯಿಂದ, ನಂಬಿಕೆಯ ಮೂಲಕ, ಪುಕ್ಕಟೆಯಾಗಿ ನೀತಿವಂತನೆಂದು ಎಣಿಸಲ್ಪಡುತ್ತಾನೆ. ರೋಮನ್ ಕ್ಯಾಥೊಲಿಕ್ ಸಭೆಗೂ ಲೂಥರನ್ನರಿಗೂ ಇದರ ಮೇಲೆ ನಾನೂರು ವರ್ಷಕ್ಕೂ ಹೆಚ್ಚು ಜಗಳವಿತ್ತು. 1999ರ ಅಕ್ಟೋಬರ್ 31ರಂದು ಅದೇ ಔಗ್ಸ್‌ಬರ್ಗ್‌ನಲ್ಲಿ ಎರಡೂ ಕಡೆಯವರು ಕೂತು, ಮೂಲ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿದೆ ಅಂತ ಸಹಿ ಹಾಕಿದರು.

ಪುಕ್ಕಟೆ ಅನ್ನುವ ಮಾತು ನನ್ನಂಥವನಿಗೆ ಸುಲಭವಾಗಿ ಗಂಟಲಲ್ಲಿ ಇಳಿಯೋದಿಲ್ಲ. ಎಲ್.ಕೆ.ಜಿ.ಯಿಂದ ಇಲ್ಲಿಯವರೆಗೆ ನಾನು ಏನೇ ಆಗಿದ್ದರೂ ಮಾರ್ಕ್ಸಿನಿಂದ ಆದವನು. ಸಿ.ಇ.ಟಿ. ರ‍್ಯಾಂಕು, ಸಿ.ಜಿ.ಪಿ.ಎ., ಐ.ಇ.ಎಲ್.ಟಿ.ಎಸ್. ಸ್ಕೋರು, ವೀಸಾಕ್ಕೆ ಬ್ಯಾಂಕ್ ಬ್ಯಾಲೆನ್ಸು. ನಿನ್ನ ಫಲಿತಾಂಶ ನೋಡದೆ ಒಬ್ಬ ನಿನ್ನನ್ನು ಒಪ್ಪಿಕೊಂಡಿದ್ದಾನೆ ಅಂದರೆ ಎಲ್ಲೋ ಮೋಸ ಇರಬೇಕು ಅನ್ನಿಸುತ್ತೆ. ಗೆಳೆಯನ ತಕರಾರು ಬೇರೆ. "ಹಂಗಾದ್ರೆ ತಪ್ಪು ಮಾಡಿ ಆರಾಮಾಗಿ ಇರಬಹುದಲ್ಲ? ನಮ್ಮ ಕರ್ಮದ ಲೆಕ್ಕವೇ ವಾಸಿ. ಮಾಡಿದ್ದನ್ನ ಉಣ್ಣಬೇಕು" ಅಂದ. ಇದೇ ಪ್ರಶ್ನೆಯನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ತಾನೇ ಎತ್ತಿಕೊಂಡು, ಹಾಗೆ ಎಂದಿಗೂ ಅಲ್ಲ ಅಂತ ಉತ್ತರಿಸುತ್ತಾನೆ. ಹಿಟ್ಲರನ ಕಾಲದಲ್ಲಿ ಇದೇ ಸಭೆಯ ಬೊನ್‌ಹಾಫರ್ ಅನ್ನುವ ಪಾದ್ರಿ, ಬದುಕು ಬದಲಾಗದೆ ಬರೀ ಕ್ಷಮೆ ಪಡೆಯುವುದನ್ನು ಅಗ್ಗದ ಕೃಪೆ ಅಂತ ಕರೆದ. 1945ರ ಏಪ್ರಿಲ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ಕೃಪೆ ಪುಕ್ಕಟೆ, ಆದರೆ ಅಗ್ಗ ಅಲ್ಲ. ಗೆಳೆಯ ಇದನ್ನು ಒಪ್ಪಲಿಲ್ಲ. ಒಪ್ಪಬೇಕು ಅಂತ ನಾನೂ ಹೇಳಲಿಲ್ಲ. ಆದರೆ ಅವತ್ತಿನಿಂದ, "ನಿಮ್ಮದ್ರಲ್ಲಿ ಏನೂ ಇಲ್ಲ ಬಿಡು" ಅಂತ ತಮಾಷೆ ಮಾಡೋದನ್ನ ನಿಲ್ಲಿಸಿದ.

ನನಗೆ ಇದು ತಟ್ಟಿದ್ದು ವಾದದಿಂದಲ್ಲ, ಒಂದು ಕುಂಬಳಕಾಯಿಯಿಂದ. ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬದ ದಿನ ಎಲ್ಲರೂ ಮನೆಯಲ್ಲಿ ಬೆಳೆದದ್ದನ್ನು ತಂದು ಮುಂದೆ ಇಡ್ತಾರೆ. ಜೋಳ, ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಹೊರಗೆ ಹರಾಜು. ನಮ್ಮ ಅಜ್ಜಿ ಹಿತ್ತಲಲ್ಲಿ ಬೆಳೆದ ಕುಂಬಳಕಾಯಿ ಕೊಟ್ಟು, ಆಮೇಲೆ ಹರಾಜಿನಲ್ಲಿ ಪೈಪೋಟಿ ಮಾಡಿ ಅದನ್ನೇ ಮೂರು ಪಟ್ಟು ಬೆಲೆಗೆ ತಿರುಗಿ ತರುತ್ತಿದ್ದಳು. ಐದನೇ ಕ್ಲಾಸಿನಲ್ಲಿ ನಾನು ಲೆಕ್ಕ ಮಾಡಿ, "ಅಜ್ಜಿ, ಇದರಾಗ ನಿನಗ ಲುಕ್ಸಾನ ಆತಲ್ಲ" ಅಂದಿದ್ದೆ. ಅವಳು, "ಮೊದಲ ನಂದಿತ್ತು. ಈಗ ದೇವರು ಕೊಟ್ಟದ್ದಾತು. ಸಾರು ರುಚಿ ಆಕ್ಕೇತಿ ನೋಡು" ಅಂದಿದ್ದಳು. ಬೆಲೆ ಕೊಟ್ಟು ತಂದರೂ ಅವಳಿಗೆ ಅದು ಕೊಟ್ಟದ್ದೇ ಆಗಿತ್ತು. ಅವಳ ಲೆಕ್ಕದ ಪುಸ್ತಕ ಬೇರೆ.

ಅಜ್ಜಿ ಈ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಳು. ಎಂಬತ್ತಮೂರು ವರ್ಷ. ನನಗೆ ಪರೀಕ್ಷೆಯ ವಾರ. ಟಿಕೆಟ್ ನೋಡಿದೆ, ಹೋಗಿ ತಲುಪುವ ಹೊತ್ತಿಗೆ ಮಣ್ಣು ಆಗಿಹೋಗಿರುತ್ತಿತ್ತು. ಪಪ್ಪಾ, "ಬರಬ್ಯಾಡ. ಕುಂತು ಓದು. ಆಕಿಗೂ ಅದ ಬೇಕಾಗಿತ್ತು" ಅಂದರು. ಅಲ್ಲಿ ಸಂಜೆ ನಾಲ್ಕು, ಇಲ್ಲಿ ಬೆಳಿಗ್ಗೆ ಹನ್ನೊಂದೂವರೆ. ತಮ್ಮ ವಾಟ್ಸಾಪ್ ವಿಡಿಯೊ ಹಿಡಿದಿದ್ದ. ಕೈ ನಡುಗುತ್ತಿದ್ದರಿಂದ ಅರ್ಧ ಹೊತ್ತು ಯಾರದೋ ಚಪ್ಪಲಿ, ಯಾರದೋ ಸೀರೆಯ ಅಂಚು ಕಾಣುತ್ತಿತ್ತು. ರೂಮ್‌ಮೇಟ್ ಲ್ಯಾಬ್ ಬಿಟ್ಟು ಬಂದು ನನ್ನ ಪಕ್ಕ ಕೂತಿದ್ದ.

ಅಯ್ಯನವರು ಎಲ್ಲರೂ ವಿಶ್ವಾಸ ಪ್ರಮಾಣ ಹೇಳೋಣ ಅಂದರು. ಅಲ್ಲಿ ನಿಂತ ಇನ್ನೂರು ಜನರ ಜೊತೆ ನಾನೂ ಇಲ್ಲಿ ಹಾಸಿಗೆ ಮೇಲೆ ಕೂತು ಹೇಳಿದೆ. ನಾಲಿಗೆ ತಾನಾಗಿ ಓಡಿತು. ಕೊನೆಗೆ ಶರೀರದ ಪುನರುತ್ಥಾನ ಅನ್ನುವ ಮಾತು ಬಂತು. ಸಾವಿರ ಸಲ ಹೇಳಿದ್ದೆ. ಆತ್ಮ ಸ್ವರ್ಗಕ್ಕೆ ಹೋಗುತ್ತೆ ಅನ್ನೋದನ್ನೇ ಹಾಗೆ ಹೇಳ್ತಾರೆ ಅಂದುಕೊಂಡಿದ್ದೆ. ಅವತ್ತು ಮೊದಲ ಸಲ 'ಶರೀರ' ಅನ್ನುವ ಪದ ಕೇಳಿಸಿತು. ಅಜ್ಜಿಯ ಬಲಗೈ ಹೆಬ್ಬೆರಳು ಸೊಟ್ಟಗಿತ್ತು. ರೊಟ್ಟಿ ಬಡಿದು ಬಡಿದು ಹಾಗಾಯಿತು ಅಂತಿದ್ದಳು. ಆ ಕೈ ನನ್ನ ತಲೆಗೆ ಎಣ್ಣೆ ಹಚ್ಚಿದ್ದು. ಸಭೆ ಹೇಳುತ್ತಿರುವುದು ಆ ಕೈಯ ಬಗ್ಗೆ. ದೇವರು ಉಳಿಸಿಕೊಳ್ಳುವುದು ದೇಹ ಕಳಚಿಕೊಂಡ ಏನೋ ಒಂದನ್ನಲ್ಲ, ತಾನು ಮಾಡಿದ ಮನುಷ್ಯನನ್ನು. ಪೌಲ ಇದಕ್ಕೆ ಬೀಜದ ಹೋಲಿಕೆ ಕೊಡ್ತಾನೆ. ಬಿತ್ತಿದ್ದೇ ಎದ್ದು ಬರುತ್ತೆ, ಆದರೆ ಬಿತ್ತಿದ ರೂಪದಲ್ಲಲ್ಲ. ನಮ್ಮಲ್ಲಿ ಸುಡದೆ ಮಣ್ಣು ಕೊಡುವ ರೂಢಿಯ ಹಿಂದೆ ಇರುವುದು ಈ ನಿರೀಕ್ಷೆ. ಸುಟ್ಟವರನ್ನು ದೇವರು ಎಬ್ಬಿಸಲಾರ ಅಂತ ಯಾರೂ ಹೇಳುವುದಿಲ್ಲ.

ಗೆಳೆಯ ರಾತ್ರಿ ತಿಳಿಸಾರು ಅನ್ನ ಮಾಡಿದ. ಊಟದ ನಡುವೆ, "ಅಜ್ಜಿ ಈಗ ಎಲ್ಲಿದ್ದಾರೆ ಅಂತ ನೀವು ಅಂದ್ಕೋತೀರ?" ಅಂತ ಕೇಳಿದ. ವಾದಕ್ಕಲ್ಲ. ಅವನಿಗೂ ಅಜ್ಜಿ ಇದ್ದಾರೆ. ನಾನು, "ದೇವರ ಕೈಯಲ್ಲಿ. ಕಾಯ್ತಾ ಇದ್ದಾಳೆ. ಕೊನೆಗೆ ಎದ್ದು ಬರ್ತಾಳೆ, ಅದೇ ಸೊಟ್ಟ ಬೆರಳಿನ ಅಜ್ಜಿಯಾಗಿ" ಅಂದೆ. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ಬಾಯಿಪಾಠ ಒಪ್ಪಿಸಿದ್ದಲ್ಲ ಅಂತ. ಪ್ರಯೋಗ ಮಾಡಿ ತೋರಿಸು ಅಂದರೆ ಆಗೋದಿಲ್ಲ. ಆದರೆ ನಾನು ಅದರ ಮೇಲೆ ಭಾರ ಹಾಕಿ ನಿಂತಿದ್ದೆ. ಕನ್ನಡದಲ್ಲಿ 'ನಿನ್ನನ್ನ ನಂಬಿದ್ದೀನಿ' ಅನ್ನೋದಕ್ಕೂ 'ದೇವರಿದ್ದಾನೆ ಅಂತ ನಂಬ್ತೀನಿ' ಅನ್ನೋದಕ್ಕೂ ಒಂದೇ ಕ್ರಿಯಾಪದ. ಮೆಟ್ಟಿಲ ಮೇಲೆ ಗೆಳೆಯ ಕೇಳಿದಾಗ ನಾನು ಎರಡನೆಯ ನಂಬಿಕೆಗೆ ಪುರಾವೆ ಹುಡುಕುತ್ತಿದ್ದೆ. ಅಜ್ಜಿಯ ಹತ್ತಿರ ಇದ್ದದ್ದು ಮೊದಲನೆಯದು.

ಅದಾದ ಮೇಲೆ ಫಾರಂ ವಿಷಯ ತಡೆಯಲಾಗಲಿಲ್ಲ. ಪಾದ್ರಿಯಮ್ಮನಿಗೆ ಹೇಳಿದೆ. ಅವರು ಬೈಯ್ಯಲಿಲ್ಲ. ದೀಕ್ಷಾಸ್ನಾನ ಒಂದೇ ಸಲ ಆಗುವಂಥದ್ದು, ಅದನ್ನು ಮತ್ತೊಮ್ಮೆ ಮಾಡುವುದಿಲ್ಲ, ಸರ್ಕಾರಿ ಫಾರಂ ಅದನ್ನು ಅಳಿಸಲೂ ಆರದು ಅಂದರು. ಲೂಥರ್ ಮನಸ್ಸು ಕುಗ್ಗಿದಾಗ ತನಗೆ ದೀಕ್ಷಾಸ್ನಾನ ಆಗಿದೆ ಅನ್ನೋದನ್ನು ನೆನಪಿಸಿಕೊಳ್ತಿದ್ದನಂತೆ. ನನಗೆ ದೀಕ್ಷಾಸ್ನಾನ ಆದಾಗ ಎರಡು ತಿಂಗಳು. ಫೋಟೊದಲ್ಲಿ ಬಾಯಿ ತೆರೆದು ಅಳ್ತಾ ಇದ್ದೀನಿ. ಶಿಶುಗಳಿಗೆ ಯಾಕೆ ಕೊಡಬೇಕು, ಬುದ್ಧಿ ಬಂದ ಮೇಲೆ ಕೊಡಬಾರದಾ ಅಂತ ಕೇಳುವ ಸಭೆಗಳೂ ಇವೆ, ಅವರ ವಾದದಲ್ಲೂ ಹುರುಳಿದೆ. ಆದರೆ ಒಂದೂ ಮಾರ್ಕ್ಸ್ ತೆಗೆದಿರದ, ಒಂದೂ ಫಾರಂ ತುಂಬಿರದ ವಯಸ್ಸಿನಲ್ಲಿ ನನ್ನನ್ನು ಒಪ್ಪಿಕೊಂಡದ್ದಕ್ಕಿಂತ ಕೃಪೆಗೆ ಬೇರೆ ಅರ್ಥ ನನಗೆ ಸಿಕ್ಕಿಲ್ಲ.

ಅದೇ ದಿನ ಅವರು ಇನ್ನೊಂದು ವಿಷಯ ಹೇಳಿದರು, ಅದಕ್ಕೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ರಾಜ್ಯದಲ್ಲಿ ಚರ್ಚ್ ತೆರಿಗೆ ಅಂದರೆ ಸಂಬಳದ 8 ಪರ್ಸೆಂಟ್ ಅಲ್ಲ, ಆದಾಯ ತೆರಿಗೆಯ 8 ಪರ್ಸೆಂಟ್. ವರ್ಷಕ್ಕೆ ಸುಮಾರು 12 ಸಾವಿರ ಯೂರೊವರೆಗೆ ಆದಾಯ ತೆರಿಗೆಯೇ ಇಲ್ಲ. ನನ್ನ ಪಾರ್ಟ್‌ಟೈಮ್ ಸಂಬಳ ಅಷ್ಟೂ ಆಗಿರಲಿಲ್ಲ. ಅಂದರೆ ನಾನು ಏನು ಬರೆದಿದ್ದರೂ ಕಟ್ಟಬೇಕಾಗಿದ್ದದ್ದು ಸೊನ್ನೆ.

ಅವತ್ತು ರಾತ್ರಿ ಪಪ್ಪಾಗೆ ಫೋನ್ ಮಾಡಿದೆ.

"ಪಪ್ಪಾ, ಇಲ್ಲಿ ಬಂದ ಹೊಸದಾಗಿ ಒಂದು ಫಾರ್ಮಿನಾಗ ಧರ್ಮ ಇಲ್ಲ ಅಂತ ಬರದಿದ್ದೆ."

"ಯಾಕಪಾ?"

"ರೊಕ್ಕ ಉಳೀತೈತಿ ಅಂತ."

"ಎಷ್ಟ ಉಳೀತು?"

"ಏನೂ ಇಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಪಪ್ಪಾ ನಕ್ಕರು. "ಪೇತ್ರಗ ಕೈ ಕಾಸ್ಕೊಳ್ಳಾಕ ಬೆಂಕಿಯರ ಸಿಕ್ಕಿತ್ತು. ನಿನಗ ಅದೂ ಇಲ್ಲಲ್ಲೋ."

ಯೇಸುವನ್ನು ಹಿಡಿದ ರಾತ್ರಿ ಪೇತ್ರ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ನಿಂತು, ಆ ಮನುಷ್ಯ ನನಗೆ ಗೊತ್ತಿಲ್ಲ ಅಂತ ಮೂರು ಸಲ ಹೇಳಿದ. ಕೋಳಿ ಕೂಗಿತು. ನಾನು ಏನೂ ಹೇಳಲಾಗದೆ ಸುಮ್ಮನಿದ್ದೆ. ಪಪ್ಪಾ, "ಆತು ಬಿಡು. ಕೋಳಿ ಕೂಗಿದ್ದು ಕೇಳಿಸ್ತಲ್ಲ, ಅಷ್ಟ ಸಾಕು. ಊಟ ಮಾಡಿದಿಲ್ಲೋ?" ಅಂದರು. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಇನ್ನೊಂದು ಬೆಂಕಿ ಬರುತ್ತೆ. ಎದ್ದು ಬಂದ ಯೇಸು ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಸುಡುತ್ತಾ ಕೂತಿರುತ್ತಾನೆ. ಮೊದಲು ಊಟ ಹಾಕ್ತಾನೆ, ಆಮೇಲೆ ಪೇತ್ರನ ಹತ್ತಿರ ಮಾತಾಡ್ತಾನೆ. ಪಪ್ಪಾ ಅದನ್ನು ನೆನೆದು ಕೇಳಿದರೋ, ಅಪ್ಪ ಆದ್ದರಿಂದ ಕೇಳಿದರೋ ಗೊತ್ತಿಲ್ಲ.

ಈಸ್ಟರ್ ಬೆಳಿಗ್ಗೆ ಇಲ್ಲಿನ ಚರ್ಚಿನಲ್ಲಿ ಕರ್ತನ ಭೋಜನ ತೆಗೆದುಕೊಂಡೆ. ಹುಬ್ಬಳ್ಳಿಯಲ್ಲಿ ಮೊಣಕಾಲೂರಿ ತಗೋತೀವಿ, ಇಲ್ಲಿ ಅರ್ಧ ವೃತ್ತದಲ್ಲಿ ನಿಂತು. ಈ ರೊಟ್ಟಿ ದ್ರಾಕ್ಷಾರಸದಲ್ಲಿ ಕ್ರಿಸ್ತ ಇರೋದು ಹೇಗೆ ಅನ್ನುವುದರ ಮೇಲೆ 1529ರಲ್ಲಿ ಮಾರ್ಬುರ್ಗ್‌ನಲ್ಲಿ ಲೂಥರನೂ ಜೂರಿಕ್‌ನ ಜ್ವಿಂಗ್ಲಿಯೂ ಕೂತು ವಾದಿಸಿ, ಉಳಿದ ಹದಿನಾಲ್ಕು ಅಂಶ ಒಪ್ಪಿ, ಇದೊಂದರಲ್ಲಿ ಒಪ್ಪದೆ ಎದ್ದುಹೋದರು. ಯೂರೋಪಿನಾದ್ಯಂತ ಇಬ್ಬರ ಸಭೆಗಳೂ ಒಂದೇ ಮೇಜಿಗೆ ಬರಲು 1973 ಆಗಬೇಕಾಯಿತು. ಆದರೆ ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲೇ ಬಾಸೆಲ್ ಮಿಷನ್ನಿನಲ್ಲಿ ಸ್ವಿಸ್‌ನವರೂ ವುರ್ಟೆಂಬರ್ಗ್‌ನವರೂ ಒಟ್ಟಿಗೆ ಕೆಲಸ ಮಾಡಿದ್ದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಸೇರಿ ಸಿ.ಎಸ್.ಐ. ಆದಾಗ ಬೇಕು ಅಂತ ಇಟ್ಟುಕೊಂಡದ್ದು ನಾಲ್ಕೇ: ಸತ್ಯವೇದ, ಎರಡು ಹಳೆಯ ವಿಶ್ವಾಸ ಪ್ರಮಾಣ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ, ಬಿಷಪ್ಪರ ಪರಂಪರೆ. ಉಳಿದದ್ದರಲ್ಲಿ ಭಿನ್ನಾಭಿಪ್ರಾಯ ಇರಲಿ ಅಂದರು. ಕಮಲದೊಳಗೆ ಶಿಲುಬೆ ಅದರ ಗುರುತು. ನಮ್ಮೂರಿನ ಸಭೆ ಈ ವಿಷಯದಲ್ಲಿ ಯೂರೋಪಿಗಿಂತ ಮುಂದೆ ಇತ್ತು ಅಂತ ಪಾದ್ರಿಯಮ್ಮನಿಗೆ ಹೇಳಿದಾಗ, ಅವರು ಹೌದು ಅಂದರು.

ಈಗ ಥೀಸಿಸ್ ಮುಗಿಯುತ್ತಾ ಬಂದಿದೆ. ಜನವರಿಯಿಂದ ಕೆಲಸ. ಈ ಸಲ ತೆರಿಗೆ ಸೊನ್ನೆ ಆಗೋದಿಲ್ಲ, ಲೆಕ್ಕ ಹಾಕಿ ನೋಡಿದ್ದೀನಿ. ತಿಂಗಳಿಗೆ ಸುಮಾರು 50 ಯೂರೊ ಆಗಬಹುದು. ಅದನ್ನು ಕಟ್ಟಿದರೆ ಸ್ವರ್ಗ ಸಿಗುತ್ತೆ ಅಂತಲ್ಲ. ಹಾಗಂದುಕೊಂಡರೆ 1517ರ ಅಂಗಡಿಗೆ ವಾಪಸ್ ಹೋದ ಹಾಗೆ. ಕಟ್ಟದವರು ನಂಬಿಕೆ ಇಲ್ಲದವರು ಅಂತಲೂ ಅಲ್ಲ. ನನಗೆ ಆ ಕಾಲಂನಲ್ಲಿ ನಿಜ ಬರೆಯಬೇಕು, ಅಷ್ಟೇ. ಅಜ್ಜಿಯ ಕುಂಬಳಕಾಯಿಗೆ ಅವಳು ಕೊಟ್ಟ ಬೆಲೆ ಅಂದುಕೊಳ್ಳುತ್ತೇನೆ.

ಕಚೇರಿಯಲ್ಲಿ ತಿದ್ದುಪಡಿಗೆ ಮುಂದಿನ ತಿಂಗಳು 9ಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ರೂಮ್‌ಮೇಟ್ ಕೂಡ ಬರ್ತೀನಿ ಅಂದಿದ್ದಾನೆ. ಆ ಬೀದಿಯ ಇಂಡಿಯನ್ ಅಂಗಡಿಗೆ ಮಂಗಳವಾರ ತಾಜಾ ಕರಿಬೇವು ಬರುತ್ತಂತೆ.